ಎರಡು ಸೀಟು, ಆರು ಸಿಲಿಂಡರ್

ಕಾರು ಮಾರುವವರು ನಗೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ರಸ್ತೆ ಬದಿಗೆ ನಿಂತು ಬಾನೆಟ್ ಎತ್ತಿದರೆ ಸಾಕು, ಅದೇ ನಡೆದುಬಂದು ಒಳಗೆ ಇಣುಕುತ್ತದೆ.

ದುಬೈ, ಪುಣೆ, ಕೊಲಂಬೊ ಎಲ್ಲ ಸುತ್ತಿದ ನಾನು ನನ್ನೂರು ಗದಗಿಗೆ ಮರಳಿದ್ದು ಎರಡು ಕೆಂಪು ಸ್ಪೋರ್ಟ್ಸ್ ಕಾರುಗಳ ಜೊತೆ. ನೋಡಲು ಅವಳಿಜವಳಿ. ಒಂದಕ್ಕೆ ನಾಲ್ಕು ಸಿಲಿಂಡರಿನ ಎಂಜಿನ್, ಇನ್ನೊಂದಕ್ಕೆ ಆರರದು. ಒಂದನ್ನು ನಾನು, ಇನ್ನೊಂದನ್ನು ನಮ್ಮ ಡ್ರೈವರ್ ಕಾಕಾ ಓಡಿಸುತ್ತಿದ್ದೆವು. ಹುಬ್ಬಳ್ಳಿ ಶೋರೂಮಿನ ಸಾಹೇಬರ ಷರತ್ತು ಇಷ್ಟೇ: ಈ ಭಾಗದಲ್ಲಿ ಇಂಥ ಗಾಡಿಗೆ ಗಿರಾಕಿ ಇದ್ದಾರೆಂದು ತಿಂಗಳೊಳಗೆ ಒಂದನ್ನಾದರೂ ಮಾರಿ ತೋರಿಸಬೇಕು. ಇಲ್ಲವಾದರೆ ನನ್ನ ತಿರುಗಾಟ ಬಂದ್, ಆಫೀಸಿನಲ್ಲಿ ಫೈಲುಗಳ ಮುಂದೆ ಕುಳಿತಿರಬೇಕು. ನನಗೆ ಅದಕ್ಕಿಂತ ಜೈಲು ವಾಸಿ.

ಮೊದಲ ದಿನ ಬಿಂಕದಕಟ್ಟಿ ಮೃಗಾಲಯದ ದಾರಿಯಲ್ಲಿ ನಿಲ್ಲಿಸಿದೆವು. ಹುಲಿ ನೋಡಲು ಹೊರಟವರು ನಮ್ಮ ಹತ್ತಿರವೇ ಇಳಿದು, ಮಕ್ಕಳಿಗೆ ಕಾರು ತೋರಿಸಿ, ಅಲ್ಲಿಂದಲೇ ಮನೆಗೆ ತಿರುಗಿದರು. ಕೊಳ್ಳುವ ಮಾತು ಮಾತ್ರ ಯಾರೂ ಎತ್ತಲಿಲ್ಲ.

೧. ಲಕ್ಷ್ಮೇಶ್ವರದ ಅತ್ತೆ

ಲಕ್ಷ್ಮೇಶ್ವರದಲ್ಲಿ ಬಟ್ಟೆ ವ್ಯಾಪಾರಿಯೊಬ್ಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು. ಇಬ್ಬರಿಗಷ್ಟೇ ಜಾಗ ಎಂದು ಕೇಳಿದ್ದೇ ಅವರ ಹೆಂಡತಿಯ ಮುಖ ಅರಳಿತು. ಈಗಲೇ ತಗೊಳ್ಳೋಣ ಎಂದರು. ಅತ್ತೆಗೆ ಅರ್ಥವಾಯಿತು. ನೇರ ಹೋಗಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತುಬಿಟ್ಟರು.

ಕುಳಿತದ್ದೇನೋ ಸರಿ, ಏಳಲಿಕ್ಕೆ ಆಗಲಿಲ್ಲ. ಸೀಟು ಅಷ್ಟು ತಗ್ಗು. ಮಗ, ಸೊಸೆ, ಕಾಕಾ, ನಾನು ಸೇರಿ ಎಳೆದೆವು. ಸೀರೆ ಕೊಡವಿಕೊಂಡು ಅತ್ತೆ ತೀರ್ಪು ಕೊಟ್ಟರು: "ಕುಂಡ್ರಾಕ ಇಬ್ಬರು, ಎಬ್ಬಸಾಕ ನಾಕು ಮಂದಿ. ಬ್ಯಾಡ."

೨. ಶಿರಹಟ್ಟಿಯ ಲೆಕ್ಕ

ಅಲ್ಲಿನ ರೈತರೊಬ್ಬರು ಕೇಳಿದ್ದು ಎಚ್‌ಪಿ ಎಷ್ಟು ಎಂದು. ದೊಡ್ಡ ಎಂಜಿನ್ನಿನದು ಮುನ್ನೂರ ಅರವತ್ತು ಎಂದೆ, ಎದೆಯುಬ್ಬಿಸಿ. ತಮ್ಮ ಟ್ರ್ಯಾಕ್ಟರಿನದು ನಲವತ್ತೈದು ಎಂದು ಬೆರಳು ಮಡಚಿದರು.

"ಅಂದ್ರ ಎಂಟು ಟ್ರ್ಯಾಕ್ಟರಿನ ಜೋರು. ಒಂದು ಚೀಲ ಶೇಂಗಾ ಇಡಾಕ ಜಾಗ ಇಲ್ಲ. ಇಷ್ಟೆಲ್ಲಾ ಜೋರು ಏನು ಎಳ್ಯಾಕ, ತಂಗಿ?"

ಗಾಳಿ ಸೀಳಲಿಕ್ಕೆ ಎಂದೆ. ಗಾಳಿ ಅಷ್ಟೇನೂ ಗಟ್ಟಿ ಇಲ್ಲವಲ್ಲ ಎಂದರು. ಸಿಟ್ಟು ಬಂದು ಗಾಡಿ ತಿರುಗಿಸಿದೆ. ಹೊಲದ ಬದುವಿಗೆ ಹೊಟ್ಟೆ ತಾಗಿ ಕಾರು ಅಲ್ಲೇ ಕುಳಿತಿತು. ಅವರೇ ತಮ್ಮ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ಹೊರಗೆ ತಂದರು. ಹಗ್ಗ ಬಿಚ್ಚುತ್ತಾ ಮೆಲ್ಲಗೆ ಹೇಳಿದರು: "ನೋಡು ತಂಗಿ, ಎಂಟನ್ನ ಒಂದು ಎಳೀತು."

೩. ಮುಂಡರಗಿಯ ಮಾಸ್ತರು

ತಿಂಗಳಿಗೆ ಇನ್ನು ಎರಡೇ ದಿನ ಉಳಿದಿತ್ತು. ಮುಂಡರಗಿಯಲ್ಲಿ ಬ್ಯಾಂಡ್ ಕಂಪನಿ ನಡೆಸುವ ಹಿರಿಯ ಮಾಸ್ತರೊಬ್ಬರು ಹೇಳಿ ಕಳಿಸಿದರು. ಹಿಂದೂಗಳ ಮದುವೆ, ಮುಸಲ್ಮಾನರ ಶಾದಿ, ಎರಡರ ಮೆರವಣಿಗೆಯೂ ಅವರದೇ. ಮದುಮಗನನ್ನು ಕೂರಿಸಿದ್ದ ಅವರ ಕುದುರೆ ಪಟಾಕಿಗೆ ಬೆದರಿ, ಅವನನ್ನು ಹೊತ್ತುಕೊಂಡೇ ಡಂಬಳದ ಕಡೆ ಓಡಿತ್ತಂತೆ. ಅಂದಿನಿಂದ ಅವರಿಗೆ ಕುದುರೆ ಸಾಕಾಗಿತ್ತು.

ಇಬ್ಬರೇ ಕೂರಬಹುದು ಎಂದು ಹಿಂಜರಿಯುತ್ತಲೇ ಹೇಳಿದೆ. ಮಾಸ್ತರು ಹಿಗ್ಗಿಹೋದರು. ಇನ್ನು ಬೀಗರ ಮಕ್ಕಳು ಮದುಮಗನ ತೊಡೆ ಮೇಲೆ ಹತ್ತಿ ಕೂರುವಂತಿಲ್ಲ ಎಂದರು.

ಆಮೇಲೆ ಅವರು ಎರಡರಲ್ಲಿ ಒಂದು ಎಂಜಿನ್ ಆಯ್ದುಕೊಂಡ ರೀತಿಯನ್ನು ನಾನು ಯಾವ ದೇಶದಲ್ಲೂ ಕಂಡಿಲ್ಲ. ಇಡೀ ಬ್ಯಾಂಡನ್ನು ಸಾಲಾಗಿ ನಿಲ್ಲಿಸಿ ಬಾರಿಸಲು ಹೇಳಿದರು. ನಾಲ್ಕು ಸಿಲಿಂಡರ್ ಗುರ್ ಎಂದಿತು. ಡೋಲು ಅದನ್ನು ನುಂಗಿತು. ಆರು ಸಿಲಿಂಡರ್ ಗುಡುಗಿದಾಗ ಕ್ಲಾರಿನೆಟ್ಟಿನವ ಬೆಚ್ಚಿ ಸ್ವರ ತಪ್ಪಿದ. "ಇದು ಖರೆ ಗಾಡಿ," ಎಂದರು ಮಾಸ್ತರು.

ಉತ್ಸಾಹದಲ್ಲಿ ನಾನು ಗಂಟೆಗೆ ಇನ್ನೂರ ಐವತ್ತು ಕಿಲೋಮೀಟರ್ ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ಅದಿರಲಿ ಅಕ್ಕಾರ. ಎಷ್ಟು ನಿಧಾನ ಹೋಗತೈತಿ?"

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾಳೆಯ ಮದುವೆಯ ಮೆರವಣಿಗೆಯಲ್ಲಿ ಓಡಿಸಿ ತೋರಿಸಬೇಕು, ಆಮೇಲೆಯೇ ಮಾತು ಎಂದರು.

ಮರುದಿನ ಮದುಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಮುಂದೆ ಬ್ಯಾಂಡು, ಅದರ ಹಿಂದೆ ಕುಣಿಯುವವರು, ಅವರ ಹಿಂದೆ ನಾನು. ಬ್ರೇಕಿನ ಮೇಲಿಟ್ಟ ಕಾಲು ಜೋಮು ಹಿಡಿದಿತ್ತು. ಕೋಲೂರಿಕೊಂಡು ನಡೆಯುತ್ತಿದ್ದ ಅಜ್ಜನೊಬ್ಬ ನಮ್ಮನ್ನು ದಾಟಿ ಹೋದ. ಅಷ್ಟರಲ್ಲಿ ಮಾಸ್ತರು ಸಾಲು ಬಿಟ್ಟು ನನ್ನ ಕಡೆಗೇ ಓಡಿ ಬಂದರು. ಮುಗೀತು, ಇನ್ನು ಫೈಲೇ ಗತಿ ಎಂದುಕೊಂಡು ಕಿಟಕಿ ಇಳಿಸಿದೆ.

"ಗಾಡಿ ನಂದಾತು ಅಕ್ಕಾರ," ಎಂದರು ಏದುಸಿರಿನಲ್ಲಿ. "ಆದ್ರ ಒಂಚೂರು ನಿಧಾನ ಹೊಡೀರಿ. ಕುಣಿಯೋರು ಓಡಾಕ ಹತ್ತ್ಯಾರ."