ಬಗ್ಗಿ ಹೊಡೆಯುವ ಫಟಫಟಿ

ಹೊಸದಾಗಿ ಏನು ಕೊಂಡರೂ ಅದರ ಬಗ್ಗೆ ಕೊಂಡವನಿಗೆ ಒಂದು ಅಭಿಪ್ರಾಯ ಇದ್ದರೆ ಊರಿಗೆ ನೂರು ಇರುತ್ತವೆ. ಹಳೆಯದನ್ನೇ ಹೊಸದಾಗಿ ಕೊಂಡರಂತೂ ಕೇಳುವುದೇ ಬೇಡ. ಇಂಥ ಪ್ರಸಂಗಗಳು ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತವೆಯೋ ತಿಳಿಯದು, ಆದರೆ ಆ ವರ್ಷ ಒಂದರ ಬೆನ್ನಿಗೊಂದು ಬಂದವು.

ಎಪ್ಪತ್ತರ ದಶಕದ ಮಾತು. ನವಿಲುತೀರ್ಥದ ಆಣೆಕಟ್ಟು ಎದ್ದು ನಿಂತು, ಕಾಲುವೆ ತೋಡುವ ಕೆಲಸ ಜೋರಾಗಿ ನಡೆದಿತ್ತು. ನಾನು ಅಲ್ಲಿ ಓವರಸೀಯರ. ಮನೆ ಬೈಲಹೊಂಗಲದಲ್ಲಿ. ಬಸ್ಸಿಗೆ ಕಾದು ಕಾದು ಸಾಕಾಗಿ, ಬೆಳಗಾವಿಯ ಕ್ಯಾಂಪಿನಲ್ಲಿದ್ದ ಒಬ್ಬ ನಿವೃತ್ತ ಮಿಲಿಟರಿ ಸಾಹೇಬರ ಹಳೆಯ ಮೋಟಾರ್ ಸೈಕಲ್ ಕೊಂಡೆ. ಅದು ಸಾದಾ ಗಾಡಿಯಲ್ಲ. ಎರಡು ಸೈಲೆನ್ಸರ್, ಉದ್ದನೆಯ ಸೀಟು, ಕೆಳಗಿಳಿದ ಹ್ಯಾಂಡಲ್, ಹಿಂದೆ ಎರಡೂ ಬದಿಗೆ ಚರ್ಮದ ಚೀಲ. ಸಾಹೇಬರು ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಅದರ ಬೆನ್ನು ಸವರಿ, “ಇದು ದೂರ ಓಡಲಿಕ್ಕೆ ಹುಟ್ಟಿದ ಗಾಡಿ. ಸಂತೆಗೆ ಒಯ್ಯಬೇಡಿ, ಬೇಜಾರಾಗುತ್ತದೆ” ಎಂದರು. ಯಾರಿಗೆ ಬೇಜಾರು ಅಂತ ನಾನು ಕೇಳಲಿಲ್ಲ.

ಊರು ದಾಟಿ, ಎರಡೂ ಕಡೆ ಜೋಳದ ಹೊಲ ಇರುವ ನೆಟ್ಟನೆಯ ರಸ್ತೆಗೆ ಬಂದು ಕೊನೆಯ ಗೇರಿಗೆ ಹಾಕಿದೆ ನೋಡಿ, ಗಾಡಿ ಗುಂಯ್ ಅಂತ ಒಂದೇ ಶ್ರುತಿ ಹಿಡಿಯಿತು. ಅಂಗಿ ಬೆನ್ನಿನ ಮೇಲೆ ಉಬ್ಬಿತು. ಇಷ್ಟು ವರ್ಷ ನಾನು ಬರೀ ಒಂದು ಊರಿಂದ ಇನ್ನೊಂದು ಊರಿಗೆ ಹೋಗುತ್ತಿದ್ದೆ, ಪ್ರಯಾಣ ಮಾಡಿರಲಿಲ್ಲ ಅನ್ನಿಸಿತು. ಇದು ನನ್ನ ಅಭಿಪ್ರಾಯ. ಇನ್ನು ಉಳಿದವರದು.

೧. ಹೊಟ್ಟೆನೋವು

ಆ ಗಾಡಿಯಲ್ಲಿ ನೆಟ್ಟಗೆ ಕೂಡಲು ಬರುವುದಿಲ್ಲ. ಮುಂದೆ ಬಗ್ಗಿ, ಹೊಟ್ಟೆಯನ್ನು ಪೆಟ್ರೋಲ್ ಟಾಕಿಗೆ ಹಚ್ಚಿ ಕೂಡಬೇಕು. ನನ್ನ ಲೆಕ್ಕದಲ್ಲಿ ಅದು ಗತ್ತು. ಸಂಜೆ ನಮ್ಮ ಓಣಿಯೊಳಗೆ ಹೊಕ್ಕಾಗ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅವ್ವ ನನ್ನನ್ನು ನೋಡಿದವಳೇ ಬತ್ತಿ ಚೆಲ್ಲಿ ಎದ್ದಳು.

“ಯಾಕೋ, ಏನಾತೋ? ಹೊಟ್ಟಿ ಹಿಡಕೊಂಡು ಬಂದೀಯಲ್ಲೋ!”

“ಏನೂ ಆಗಿಲ್ಲವ್ವಾ. ಈ ಗಾಡಿ ಹೊಡಿಯೂದ ಹಿಂಗ.”

“ನನ್ನ ಮುಂದ ಮುಚ್ಚಿಡಬ್ಯಾಡ. ಬೆಳಗಾವ್ಯಾಗ ಏನು ತಿಂದಿ, ಖರೇ ಹೇಳು.”

ನಾನು ಚಪ್ಪಲಿ ಬಿಡುವುದರೊಳಗೆ ಎದುರುಮನೆಯ ಅಜ್ಜಿ ಓಮಿನಕಾಳು ತಂದಳು. ಬಾಯಿ ತೆರೆದು ವಿವರಿಸಲು ಹೋದೆ. ತೆರೆದ ಬಾಯಿಗೆ ಓಮು ಬಿತ್ತು, ಅದರ ಮೇಲೆ ಬಿಸಿನೀರು.

ಮರುದಿನ ಮುಂಜಾನೆ ಪಕ್ಕದ ಮನೆಯ ಹತ್ತಿ ವ್ಯಾಪಾರಿ ಗಾಡಿ ನೋಡಲು ಬಂದರು. ಅರಳೆಯ ಅಂಡಿಗೆ ಪರೀಕ್ಷೆ ಮಾಡುವವರ ಹಾಗೆ ಸುತ್ತಲೂ ತಿರುಗಿದರು.

“ನೆಟ್ಟಗ ಕುಂತು ಹೊಡಿಯೂ ಗಾಡಿ ಇರಲಿಲ್ಲೇನ್ರಿ?”

“ಇದ್ವುರಿ. ನಾನ ಇದನ್ನ ಆರಿಸಿದೆ.”

ಅವರಿಗೆ ನಂಬಿಕೆ ಬರಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು: “ಇರ್ಲಿ ಬಿಡ್ರಿ. ಮದಲಿನ ಮಾಲಕರು ಮುದುಕರಲ್ಲೇನು? ಅವರಿಗೆ ಹೊಂದಿ ಹೊಂದಿ ಗಾಡಿನೂ ಬಾಗೈತಿ.”

೨. ಕೃಷ್ಣಾಜಿನ

ನಮ್ಮ ತಂದೆ ಪೌರೋಹಿತ್ಯ ಮಾಡುವವರು. ಮಡಿಯ ವಿಷಯದಲ್ಲಿ ಬಿಗಿ. ಗಾಡಿಗೆ ದೂರದಿಂದಲೇ ಅಕ್ಷತೆ ಹಾಕಿ, ಚರ್ಮದ ಚೀಲಗಳನ್ನು ನೋಡಿ, “ನಾ ಮಾತ್ರ ಇದರ ಮ್ಯಾಲೆ ಕೂಡೂದಿಲ್ಲ” ಎಂದು ಅಂದೇ ಸಾರಿಬಿಟ್ಟರು.

ಒಂದು ದಿನ ಕಿತ್ತೂರಿನಲ್ಲಿ ಅವರೇ ನಿಂತು ಮಾಡಿಸಬೇಕಾದ ಮದುವೆ. ಮುಂಜಾನೆಯ ಮುಹೂರ್ತ. ತಂದೆ ಮಡಿಯುಟ್ಟು, ಪಂಚಾಂಗ ಬಗಲಲ್ಲಿಟ್ಟುಕೊಂಡು ಬಸ್ಸಿಗೆ ನಿಂತರು. ಬಸ್ಸು ಬರಲಿಲ್ಲ. ಬಿಸಿಲು ಏರಿತು. ಅಲ್ಲಿ ಗಂಡು ಹೆಣ್ಣು ಅಂತರಪಟ ಹಿಡಿಸಿಕೊಂಡು ನಿಂತಿರುತ್ತಾರೆ, ಮಂತ್ರ ಹೇಳುವವರಿಲ್ಲ ಎನ್ನುವ ಚಿತ್ರ ಕಣ್ಣ ಮುಂದೆ ಬಂದು ಅವರ ಮುಖ ಬಾಡಿತು. ಮನೆಗೆ ಮರಳಿ ಬಂದು ಗಾಡಿಯ ಮುಂದೆ ನಿಂತರು.

“ಸೀಟು ಯಾವುದರದೋ?”

“ರೆಕ್ಸಿನ್, ಅಪ್ಪಾ. ಚೀಲ ಅಷ್ಟ ಚರ್ಮದ್ದು.”

ತಂದೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಶಾಸ್ತ್ರವನ್ನೆಲ್ಲ ತಿರುವಿ ಹಾಕಿದರು. “ಕೃಷ್ಣಾಜಿನದ ಮ್ಯಾಲೆ ಕೂತು ಜಪಾ ಮಾಡತೇವಿಲ್ಲೋ? ಅದೂ ಚರ್ಮನ. ಇದನ್ನೂ ಒಂದು ಜಿಂಕಿ ಅಂತ ತಿಳಕೊಂಡ್ರಾತು. ಓಡೂದೇನೋ ಹಂಗ ಓಡತದ.”

ಮೊದಲ ಹರದಾರಿ ನನ್ನ ಸೊಂಟ ಗಟ್ಟಿಯಾಗಿ ಹಿಡಿದು “ಸಾವಕಾಶ, ಸಾವಕಾಶ” ಎಂದರು. ಆಮೇಲೆ ಕಿವಿಯ ಹತ್ತಿರ ಬಂದು, “ಇಷ್ಟ ಏನು? ಆ ಮಿಲಿಟರಿಯಂವ ಹಿಂಗ ಎತ್ತಿನ ಗಾಡಿ ಹೊಡದಂಗ ಹೊಡೀತಿದ್ದನೇನು?” ಎಂದು ಕೇಳಿದರು. ನಾನು ಎಕ್ಸಿಲರೇಟರ್ ಹಿಂಡಿದೆ.

ಕಿತ್ತೂರು ಮುಟ್ಟಿದರೆ ಮದುವೆ ಮನೆಯಲ್ಲಿ ಇನ್ನೂ ರಂಗೋಲಿ ಮುಗಿದಿರಲಿಲ್ಲ. ಮದುಮಗ ಅಂಗಳದಲ್ಲಿ ಗಡ್ಡ ಮಾಡಿಸಿಕೊಳ್ಳುತ್ತ ಕೂತಿದ್ದ. ತಂದೆ ಇಳಿದು, ರುಮಾಲು ಸರಿಮಾಡಿಕೊಂಡು, ನನ್ನನ್ನು ಆಪಾದನೆಯ ದೃಷ್ಟಿಯಿಂದ ನೋಡಿದರು.

“ಇಷ್ಟು ವರ್ಷ ಮುಹೂರ್ತ ನನ್ನ ದಾರಿ ಕಾಯತಿತ್ತು. ಇವತ್ತ ನಾ ಮುಹೂರ್ತದ ದಾರಿ ಕಾಯೂ ಹಂಗ ಮಾಡಿದ್ಯಲ್ಲೋ!”

೩. ಕಿತ್ತೂರಿನ ಟಗರು

ಒಳಗೆ ಮಂಗಳಾಷ್ಟಕ ನಡೆದಾಗ ನಾನು ಹೊರಗೆ ಗಾಡಿಯ ಹತ್ತಿರವೇ ನಿಂತಿದ್ದೆ. ಟಾಕಿಯ ಎರಡೂ ಬದಿಗೆ ಕನ್ನಡಿಯಂತೆ ಹೊಳೆಯುವ ತಗಡು. ಮುಂಜಾನೆಯೇ ಒರೆಸಿ ಮಿಂಚಿಸಿದ್ದೆ. ಅಷ್ಟರಲ್ಲಿ ಮೀಸೆಯ ಆಸಾಮಿಯೊಬ್ಬ ಒಂದು ಕಾಳಗದ ಟಗರನ್ನು ಹಿಡಿದುಕೊಂಡು ಆ ದಾರಿಗೆ ಬಂದ. ಟಗರು ಟಾಕಿಯಲ್ಲಿ ತನ್ನ ಮುಖ ನೋಡಿತು. ನಿಂತಿತು. ಹಿಂದೆ ಸರಿಯಿತು. ಇನ್ನೂ ಹಿಂದೆ ಸರಿಯಿತು. ನಾನು ಪಾಪ, ಅಂಜಿತು ಅಂದುಕೊಂಡೆ.

ಧಡಲ್!

ಗಾಡಿ ಮಗ್ಗಲಿಗೆ ಬಿತ್ತು. ಟಾಕಿಯಲ್ಲಿ ಬಟ್ಟಲಿನಷ್ಟು ತಗ್ಗು.

“ಏನ್ರಿ ಇದು, ಹಿಡಕೊಳ್ಳಾಕ ಆಗೂದಿಲ್ಲೇನು?” ಎಂದು ಕೂಗಿದೆ.

ಆಸಾಮಿ ಶಾಂತವಾಗಿ ಹೇಳಿದ: “ನಮ್ಮದು ಎರಡು ಸಲ ಹಿಂದ ಸರದು ದಾರಿ ಬಿಟ್ಟೈತ್ರಿ. ನಿಮ್ಮ ಗಾಡ್ಯಾಗಿನ ಟಗರು ಹಾದಿ ಬಿಡಲಿಲ್ಲ. ಕಿತ್ತೂರಿಗೆ ಬಂದು ಹಂಗ ಗುರಾಯಿಸಿದ್ರ ಯಾರು ಸುಮ್ಮನಿರ್ತಾರ್ರಿ?”

ನಾಲ್ಕು ಜನ ಸೇರಿ ಗಾಡಿ ಎತ್ತಿ ನಿಲ್ಲಿಸಿದರು. ಆತ ಬಗ್ಗಿ ತಗ್ಗಿನೊಳಗೆ ಕೈಯಾಡಿಸಿ ನೋಡಿದ. ಆಮೇಲೆ ಟಗರಿನ ಹಣೆ ಮುಟ್ಟಿ ನೋಡಿದ. ನನ್ನ ಮುಖ ಸಣ್ಣದಾದದ್ದನ್ನು ಕಂಡು ಅವನಿಗೆ ಮರುಕ ಬಂದಿರಬೇಕು.

“ಕಾಳಜಿ ಮಾಡಬ್ಯಾಡ್ರಿ” ಎಂದ. “ನಮ್ಮ ಟಗರಿಗೆ ಏನೂ ಆಗಿಲ್ಲ.”

೪. ಆರನೆಯ ಸದ್ದು

ಬಿದ್ದಂದಿನಿಂದ ಗಾಡಿಗೆ ಒಂದು ಚಾಳಿ ಹತ್ತಿತು. ಬಂದ್ ಮಾಡಿದಾಗ ಕೊನೆಗೊಮ್ಮೆ ಸೈಲೆನ್ಸರಿನಿಂದ ‘ಢಮ್’ ಅನ್ನುತ್ತಿತ್ತು.

ಕಾಲುವೆಯ ಮೇಲೆ ಆ ದಿನ ಬಂಡೆ ಒಡೆಯುವ ಕೆಲಸ. ಬಂಡೆಗೆ ತೂತು ಹಾಕಿ, ಮದ್ದು ತುಂಬಿ, ಕೆಂಪು ನಿಶಾನೆ ಹಿಡಿದು, ಸೀಟಿ ಊದಿ ಎಲ್ಲರನ್ನೂ ದೂರ ಕಳಿಸಿ ಹಾರಿಸುತ್ತಿದ್ದರು. ಹಾರಿದ ಸದ್ದುಗಳನ್ನು ಎಣಿಸುವುದು ಕಟ್ಟುನಿಟ್ಟು, ಯಾಕೆಂದರೆ ಒಂದು ಮದ್ದು ಹಾರದೆ ಉಳಿದರೂ ಪ್ರಾಣಕ್ಕೆ ಸಂಚಕಾರ. ನಾನು ನಿಶಾನೆ ನೋಡಿ ದೂರದಲ್ಲೇ ಗಾಡಿ ನಿಲ್ಲಿಸಿದೆ, ಇಂಜಿನ್ ಚಾಲೂ ಇತ್ತು. ಐದು ಸಲ ನೆಲ ನಡುಗಿತು. ಸರಿ, ಮುಗಿಯಿತು ಎಂದು ಗಾಡಿ ಬಂದ್ ಮಾಡಿದೆ. ಢಮ್!

ನಮ್ಮ ಇಂಜಿನಿಯರ್ ಸಾಹೇಬರು ಆಳುಗಳ ಮುಖಂಡ ಮುಕಾದಮನನ್ನು ಕರೆದರು. “ಎಷ್ಟು ಮದ್ದು ಹಾಕಿದ್ದಿ?”

“ಐದರಿ.”

“ಆರು ಹಾರಿದವು. ಆರನೇದು ಎಲ್ಲಿಂದ ಬಂತು?”

ಮುಕಾದಮ ಬೆರಳು ಮಡಿಚಿ ಮತ್ತೆ ಎಣಿಸಿದ. ಹಿಂದೆ ಎಂದೋ ಹಾರದೆ ಉಳಿದ ಮದ್ದು ಇರಬೇಕು, ಅಂಥವು ಇನ್ನೂ ಎಷ್ಟಿವೆಯೋ ಎಂದು ಸಾಹೇಬರು ಯಾರನ್ನೂ ಹತ್ತಿರ ಬಿಡಲೊಲ್ಲರು. ಕೆಲಸವೆಲ್ಲ ನಿಂತಿತು. ನಾನು ಧೈರ್ಯ ಮಾಡಿ ಮುಂದೆ ಹೋದೆ.

“ಸಾಹೇಬರ, ಆರನೇದು ನನ್ನದ್ರಿ.”

“ನಿಮಗ ಮದ್ದು ಕೊಟ್ಟವರು ಯಾರು?”

ಬಾಯಿಂದ ಹೇಳಿದರೆ ತಿಳಿಯುವ ಸಂಗತಿಯಲ್ಲ. ಗಾಡಿ ಚಾಲೂ ಮಾಡಿ, ಬಂದ್ ಮಾಡಿ ತೋರಿಸಿದೆ. ಢಮ್! ಆಗತಾನೇ ಧೈರ್ಯ ಮಾಡಿ ಹೊರಬಂದಿದ್ದ ಆಳುಗಳೆಲ್ಲ ಸಾಲಾಗಿ ಬೋರಲು ಬಿದ್ದರು.

ಸಾಹೇಬರು ರೂಢಿಯಂತೆ ಎಣಿಸಿದರು: “ಏಳು!”

ಬಿದ್ದವರೆಲ್ಲ ಮೈ ಝಾಡಿಸಿಕೊಂಡು ಎದ್ದು ನಿಂತರು.

೫. ಸುಳಿ

ಒಂದು ದಿನ ಸವದತ್ತಿಗೆ ಹೊರಟಿದ್ದೆ. ಚಚಡಿ ಎಂಬ ಹಳ್ಳಿಯ ಹತ್ತಿರ ಗಾಡಿ ಒಮ್ಮೆ ಕೆಮ್ಮಿ ನಿಂತೇಬಿಟ್ಟಿತು. ಪ್ಲಗ್ ತೆಗೆದು ಒರೆಸಿದೆ, ಊದಿದೆ, ಒದ್ದೆ. ಏಳಲಿಲ್ಲ. ಹೊಲದಿಂದ ಖಾಲಿ ಬಂಡಿ ಹೊಡೆದುಕೊಂಡು ಬರುತ್ತಿದ್ದ ಹಿರಿಯ ಒಕ್ಕಲಿಗ ನಿಂತು ನೋಡಿದ.

“ಹೊಸಾದ್ರಿ?”

“ನನಗ ಹೊಸಾದು. ಎರಡನೇ ಕೈಯಿಂದ ತಗೊಂಡದ್ದು.”

“ತಗೊಳ್ಳೂ ಮುಂದ ಸುಳಿ ನೋಡಿದ್ರಿಲ್ಲೋ?”

ಎತ್ತು ಕೊಳ್ಳುವಾಗ ಮೈಮೇಲಿನ ಕೂದಲ ಸುಳಿ ನೋಡುತ್ತಾರೆ, ಕೆಟ್ಟ ಸುಳಿ ಇದ್ದರೆ ಮನೆಗೆ ತರುವುದಿಲ್ಲ. “ಗಾಡಿಗೆ ಸುಳಿ ಎಲ್ಲಿರತಾವ್ರಿ?” ಎಂದು ನಕ್ಕೆ.

“ನೋಡಿದವರಿಗೆ ಕಾಣಸತಾವು” ಎಂದು ಆತ ಟಾಕಿಯ ತಗ್ಗಿನ ಕಡೆ ಬೆರಳು ತೋರಿಸಿದ. “ನನ್ನ ಎತ್ತೂ ಎರಡನೇ ಕೈವ ಅದಾವರಿ. ಆದ್ರ ನಡುದಾರ್ಯಾಗ ನಿಂದ್ರೂದಿಲ್ಲ.”

ಆಮೇಲೆ ಹಗ್ಗ ತೆಗೆದು ಗಾಡಿಯನ್ನು ಬಂಡಿಯ ಹಿಂದೆ ಕಟ್ಟಿದ. ನಾನು ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿದಿದ್ದೆ. ಇಳಿದು ನಡೆದಿದ್ದರೆ ಸ್ವಲ್ಪವಾದರೂ ಮಾನ ಉಳಿಯುತ್ತಿತ್ತು. ಹಾಗೇ ಮೆರವಣಿಗೆ ಚಚಡಿಯೊಳಗೆ ಬಂತು. ವಾಡೆಯ ಮುಂದೆ ಜೋಳ ಹಸನು ಮಾಡುತ್ತಿದ್ದ ಹೆಂಗಸರು ಮೊರ ಕೆಳಗಿಟ್ಟು ನೋಡಿದರು. ನನ್ನ ಗಾಡಿಯ ಅಬ್ಬರವನ್ನು ದಿನಾ ಕೇಳಿ ಸಾಕಾಗಿದ್ದ ಒಬ್ಬಾಕೆ ಪಕ್ಕದವಳಿಗೆ ಹೇಳಿದಳು:

“ಚೊಲೋ ಆತ ಬಿಡವಾ. ಎತ್ತು ಹೂಡಿದ ಮ್ಯಾಲೆ ಸಪ್ಪಳ ನಿಂತೈತಿ.”

೬. ಕನ್ನಡಕದ ಹುಡುಗ

ರಿಪೇರಿಯಾಗಿ ಗಾಡಿ ಮತ್ತೆ ಗುಂಯ್ ಅನ್ನತೊಡಗಿದ ಹೊತ್ತಿಗೇ ರಾಮದುರ್ಗದಿಂದ ಒಂದು ಸಂಬಂಧ ಬಂತು. ಹುಡುಗಿ ಸುರೇಬಾನದ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರು. ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಫೋಟೋ ನೋಡಿದ ನನಗೆ ಅನ್ನ ಸೇರಲಿಲ್ಲ. ನನ್ನ ಒಪ್ಪಿಗೆಯೇನೋ ಆಗಿತ್ತು, ಇನ್ನು ಅವಳು ಒಪ್ಪಬೇಕು.

ತಂದೆ, “ಫಟಫಟಿ ಮ್ಯಾಲೇ ಹೋಗೂಣು” ಎಂದರು. ಅವರಿಗೂ ರುಚಿ ಹತ್ತಿತ್ತು. ಚಂದ ಕಾಣಲಿ ಎಂದು ನಾನು ಬಿಳಿ ಅಂಗಿ ಹಾಕಿ, ಧೂಳು ತಡೆಯುವ ಹೊಸ ಕನ್ನಡಕ ಏರಿಸಿದೆ. ಕಣ್ಣಿನ ಸುತ್ತ ರಬ್ಬರು ಬಿಗಿದು ಕೂಡುವಂಥದು.

ಸವದತ್ತಿ ದಾಟಿದ ಮೇಲೆ ಒಂದು ಲಾರಿ ಮುಂದೆ ಸಿಕ್ಕಿತು. ರಸ್ತೆ ಕಿತ್ತು ಹೋಗಿತ್ತು, ಎರೆಮಣ್ಣಿನ ಧೂಳು ಕರಿಮೋಡದ ಹಾಗೆ ಏಳುತ್ತಿತ್ತು. ಎಷ್ಟು ಹಾರ್ನ್ ಹೊಡೆದರೂ ಲಾರಿಯವನು ದಾರಿ ಕೊಡಲೊಲ್ಲ. ತಂದೆ ನನ್ನ ಬೆನ್ನ ಹಿಂದೆ ಶಲ್ಯ ಮುಸುಕು ಹಾಕಿಕೊಂಡು ಕೂತುಬಿಟ್ಟರು. ರಾಮದುರ್ಗದವರೆಗೂ ಆ ಲಾರಿಯ ಪ್ರಸಾದವನ್ನೆಲ್ಲ ನಾನೊಬ್ಬನೇ ಸ್ವೀಕರಿಸಿದೆ.

ಹುಡುಗಿಯ ಮನೆಯ ಮುಂದೆ ಇಳಿದು ಕನ್ನಡಕ ತೆಗೆದು ಕಿಸೆಗಿಟ್ಟೆ. ತಂದೆ ಮುಸುಕು ತೆಗೆದರು, ಪೆಟ್ಟಿಗೆಯಿಂದ ತೆಗೆದಂತೆ ಸ್ವಚ್ಛ. “ಲಗೂನ ಬಾ, ರಾಹುಕಾಲ ಕೂಡೂ ಮುಂಚೆ ಹೊಸ್ತಿಲಾ ದಾಟಬೇಕು” ಎಂದು ನನ್ನ ಕಡೆ ತಿರುಗದೇ ನಡೆದರು. ಕಾಲಿಗೆ ನೀರು ಹಾಕಿಕೊಂಡು ನಾನೂ ಹಿಂದೆ ಹೊಕ್ಕೆ.

ಪಡಸಾಲೆಯಲ್ಲಿ ಹುಡುಗಿಯ ತಂದೆ ನನ್ನನ್ನು ನೋಡಿ ಅರೆಕ್ಷಣ ತಡೆದು, “ಬರ್ರಿ, ಬರ್ರಿ, ಕೂಡ್ರಿ” ಎಂದರು. ಕಣ್ಣು ಮಂಜಾದ ಒಬ್ಬ ಅಜ್ಜಿ ಮೂಲೆಯಲ್ಲಿ ಕೂತಿದ್ದಳು, ಹುಡುಗಿಯ ಅಪ್ಪನ ತಾಯಿ. ಆಕೆ ಮಗನ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು:

“ಫೋಟೋದಾಗ ಕನ್ನಡಕ ಇರಲಿಲ್ಲಲ್ಲೋ? ಇಷ್ಟು ದೊಡ್ಡ ಬಿಳೇ ಕನ್ನಡಕ ಹಾಕ್ಕೊಂಡು ಬಂದಾನ!”

“ಸುಮ್ಮನ ಕೂಡವ್ವಾ” ಎಂದರು ಮಗ. ನನಗೆ ಏನೂ ತಿಳಿಯಲಿಲ್ಲ. ನನ್ನ ತಂದೆ ಅವರ ಜೊತೆ ಗೋತ್ರ, ನಕ್ಷತ್ರದ ಮಾತಿನಲ್ಲಿ ಮುಳುಗಿದರು.

ಹುಡುಗಿ ಉಪ್ಪಿಟ್ಟು ಶಿರಾ ತಂದಳು. ತಲೆ ತಗ್ಗಿಸಿ ಬಂದವಳು ನನ್ನ ಮುಂದೆ ತಾಟು ಇಡುವಾಗ ಒಮ್ಮೆ ಕಣ್ಣೆತ್ತಿದಳು. ಫೋಟೋಗಿಂತ ಚೆಲುವೆ. ನಾನು ಮುಗುಳ್ನಕ್ಕೆ. ಅವಳು ತುಟಿ ಕಚ್ಚಿದಳು, ತಾಟಿನಲ್ಲಿ ಚಮಚ ಟಣಟಣ ಕುಣಿಯಿತು, ತಾಟಿಟ್ಟು ಒಳಗೆ ಓಡಿದಳು. ಒಳಗಿಂದ ಬಾಯಿಗೆ ಸೆರಗು ತುರುಕಿಕೊಂಡು ನಗುವ ಸದ್ದು. ನನ್ನ ಎದೆ ಉಪ್ಪಿಟ್ಟಿನ ತಾಟಿನೊಳಗೆ ಬಿತ್ತು. ಆಯಿತು, ಮುಗಿಯಿತು, ಹುಡುಗಿ ನಕ್ಕು ಹೋದಳು ಎಂದರೆ ಇನ್ನೇನು ಉಳಿಯಿತು?

ಹುಡುಗಿಯ ಅಪ್ಪ ಒಳಗೆ ಹೋದರು. ಪರದೆಯ ಆಚೆ ಮೆಲ್ಲಗೆ ಕೇಳಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.

“ಹುಡುಗ ಹೆಂಗ ಅನಸ್ತಾನವಾ?”

“ಕಣ್ಣಿನ ಸುತ್ತ ಭಾಳ ಚೊಲೋ ಅದಾರಪ್ಪಾ. ಉಳಿದದ್ದು ಮಾರಿ ತೊಳಕೊಂಡ ಮ್ಯಾಲೆ ಹೇಳತೀನಿ.”

ಆಗ ನನ್ನ ತಂದೆ ಮೊದಲ ಸಲ ನನ್ನ ಕಡೆ ತಿರುಗಿದರು. ನೋಡಿದರು. “ನಾರಾಯಣ!” ಎಂದರು.

ಹುಡುಗಿಯ ಅಪ್ಪ ತಂಬಿಗೆ, ಸಾಬೂನು, ಟವೆಲ್ ಹಿಡಿದು ಬಂದರು. ಬಚ್ಚಲ ಮನೆಯ ಕನ್ನಡಿಯಲ್ಲಿ ನೋಡಿಕೊಂಡೆ. ಕಾಡಿಗೆಯಂಥ ಮುಖ, ಅದರಲ್ಲಿ ಎರಡು ಬಿಳಿ ಗುಂಡು ಗುರುತು. ಆ ಮುಖದಲ್ಲೇ ನಾನು ಮುಗುಳ್ನಕ್ಕದ್ದು ನೆನಪಾಗಿ ಅಲ್ಲೇ ಭೂಮಿಗೆ ಇಳಿದುಹೋಗಬೇಕು ಅನ್ನಿಸಿತು. ತೊಳೆದೆ, ತಿಕ್ಕಿದೆ, ಮತ್ತೆ ತೊಳೆದೆ.

ಮರಳಿ ಪಡಸಾಲೆಗೆ ಬಂದಾಗ ಅವಳು ಪರದೆಯ ಅಂಚಿನಲ್ಲಿ ನಿಂತಿದ್ದಳು. ಈ ಸಲ ನಗಲಿಲ್ಲ. ಅಪ್ಪನ ಕಡೆ ನೋಡಿ ಅಷ್ಟೇ ಅಷ್ಟು ತಲೆಯಾಡಿಸಿದಳು. ಆ ತಲೆಯಾಟದ ಮೇಲೆಯೇ ನಮ್ಮ ಮದುವೆ ನಿಶ್ಚಯವಾಯಿತು.

ಎಲ್ಲರ ಮುಖವೂ ಅರಳಿತು. ಅಜ್ಜಿಯೂ ನನ್ನನ್ನು ಮೇಲಿಂದ ಕೆಳಗೆ ನಿಟ್ಟಿಸಿ ನೋಡಿ ಮಗನಿಗೆ ಅಪ್ಪಣೆ ಕೊಟ್ಟಳು:

“ಈ ಹುಡುಗ ಅಡ್ಡಿಯಿಲ್ಲ, ಇವನಿಗೇ ಕೊಡೂಣು. ಆ ಕನ್ನಡಕದಂವ ಬಚ್ಚಲದಾಗ ಕೂತಾನಲ್ಲ, ಅವಗ ಉಪ್ಪಿಟ್ಟು ತಿನಿಸಿ ಸಾವಕಾಶ ತಿಳಿಸಿ ಹೇಳಿ ಕಳಸು.”