ಶ್ರೀರಾಮಪ್ಪನವರು ನೀರು ಹಿಡಿದದ್ದು

“ಇವತ್ತು ನೀರು ಹಿಡಿದೇ ಹಿಡೀತೀನಿ, ನೋಡ್ತಾ ಇರೇ!” ಎಂದು ಹೆಂಡತಿ ಶಾಂತಕುಮಾರಿಗೆ ಸಾರಿ, ಹೆಗಲ ಮೇಲೆ ಹಾರೆ ಏರಿಸಿ, ದಂಡಯಾತ್ರೆಗೆ ಹೊರಟ ದೊರೆಯ ಹಾಗೆ ಶ್ರೀರಾಮಪ್ಪನವರು ಹಲಸೂರಿನ ತಮ್ಮ ಬೀದಿಗೆ ಇಳಿದರು.

ಪೈಪಿಗೆ ಬಿಟ್ಟಷ್ಟು ಕಾವೇರಿ ನೀರು ಮನೆಗಳಿಗೆ ಮುಟ್ಟುತ್ತಿಲ್ಲ, ನಡುವೆ ಎಲ್ಲೋ ಸೋರಿಹೋಗುತ್ತಿದೆ ಎಂದು ಜಲಮಂಡಳಿಯ ಇಂಜಿನಿಯರ್ ರಮ್ಯಶ್ರೀ ಒಂದೊಂದೇ ಬೀದಿಯನ್ನು ಪರೀಕ್ಷೆ ಮಾಡುತ್ತಿದ್ದಳು. ಬೀದಿಯ ಬಾಯಲ್ಲಿ ದೊಡ್ಡ ಮೀಟರು. ಎಲ್ಲರ ಮನೆ ನಲ್ಲಿ ನಿಲ್ಲಿಸಿದ ಮೇಲೂ ಅದರ ಮುಳ್ಳು ತಿರುಗಿದರೆ ನೆಲದಡಿ ಸೋರಿಕೆ ಎಂದೇ ಅರ್ಥ. ಶ್ರೀರಾಮಪ್ಪನವರೇ ಬಾಗಿಲು ಬಾಗಿಲು ತಟ್ಟಿ ನಲ್ಲಿ ಬಂದ್ ಮಾಡಿಸಿದರು. ಮುಳ್ಳು ಬುಗುರಿಯಂತೆ ಸುತ್ತುತ್ತಲೇ ಇತ್ತು!

“ತಡೀರಿ ಅಂಕಲ್, ಸದ್ದು ಕೇಳೋ ಮೆಷಿನ್ ತರಿಸ್ತೀನಿ.”

“ಮೆಷಿನ್ ಯಾಕಮ್ಮ? ಲೇತು, ಮೋಟರು, ಬೋರ್‌ವೆಲ್ಲು, ಎಲ್ಲದರ ಕಾಯಿಲೇನೂ ಕಿವೀಲೇ ಕಂಡುಹಿಡಿದೋನು ನಾನು. ಯಾವ ಕಾಲೇಜೂ ಕಲಿಸಿದ್ದಲ್ಲ!”

ಹಾರೆಯ ಒಂದು ತುದಿ ನೆಲಕ್ಕೆ, ಇನ್ನೊಂದು ಕಿವಿಗೆ. ಬಗ್ಗಿ ಬಗ್ಗಿ ಆಲಿಸುತ್ತ ಪಕ್ಕದ ಮನೆ ಮುನಿಗಂಗಮ್ಮನ ಬಾಗಿಲಿಗೆ ಬಂದಾಗ ಅವರ ಮುಖ ಅರಳಿತು. ಸುಂಯ್!

“ಸಿಕ್ಕಿಬಿದ್ದಳು ಕಾವೇರಿ!”

ಮುನಿಗಂಗಮ್ಮ ಎದೆ ಬಡಿದುಕೊಂಡಳು. “ಮೊನ್ನೆ ತಾನೇ ಹಾಸಿರೋ ಕಲ್ಲು ಕಣಣ್ಣೋ! ಕಿತ್ತ ಮೇಲೆ ಸೋರಿಕೆ ಸಿಗಲಿಲ್ಲ ಅಂದ್ರೆ?”

“ಸಿಗಲಿಲ್ಲ ಅಂದ್ರೆ ಈ ಬೀದೀಲಿ ತಲೆ ಎತ್ತಿ ಓಡಾಡಲ್ಲ ಕಣಮ್ಮ!”

ಕಲ್ಲು ಎದ್ದಿತು. ಮಣ್ಣು ಗುಡ್ಡೆ ಬಿತ್ತು. ಸೊಂಟದಾಳದಲ್ಲಿ ಪೈಪು ಕಂಡಿತು, ಮದುವಣಿಗನ ಹಾಗೆ ಗಟ್ಟಿಮುಟ್ಟಾಗಿ! ಇಡೀ ಗುಂಡಿಯಲ್ಲಿ ಒದ್ದೆಯಾಗಿದ್ದವರು ಶ್ರೀರಾಮಪ್ಪನವರೊಬ್ಬರೇ, ಅದೂ ಬೆವರಿನಿಂದ.

ಅಷ್ಟರಲ್ಲಿ ಮೀಟರಿನ ಬಳಿಯಿಂದ ರಮ್ಯಶ್ರೀ ಕೂಗಿದಳು. “ಅಂಕಲ್, ಮುಳ್ಳು ನಿಂತ್ಬಿಡ್ತು!”

ಹಿಂದೆಯೇ ಶಾಂತಕುಮಾರಿ ಸೆರಗು ಹಿಂಡಿಕೊಳ್ಳುತ್ತ ಬಂದಳು. “ನೀರು ನಡುಮನೆಗೇ ನುಗ್ತು ಅಂತ ನಮ್ಮನೆ ನಲ್ಲಿ ಈಗ ನಿಲ್ಲಿಸಿದೆ ಕಣ್ರೀ.”

ಬೀದಿಯ ಬಾಗಿಲೆಲ್ಲ ತಟ್ಟಿದವರಿಗೆ ತಮ್ಮದೊಂದು ಬಾಗಿಲು ತಟ್ಟುವುದು ಹೊಳೆದಿರಲಿಲ್ಲ!

“ಯಾಕೆ ಬಿಟ್ಟಿದ್ದೆ?”

“ನೀರು ಹಿಡೀತೀನಿ ಅಂದೋರು ಯಾರು? ಮದುವೆ ಆದಾಗಿಂದ ಒಂದು ಬಿಂದಿಗೆ ಹಿಡಿಯದೋರು ಇವತ್ತು ಹಿಡೀತಾರಲ್ಲಾಂತ ನಲ್ಲಿ ತಿರುಗಿಸಿ, ಬಿಂದಿಗೆ ಇಟ್ಟು ಕಾಯ್ತಾ ಕೂತೆ. ಬಿಂದಿಗೆ ತುಂಬ್ತು, ಬಚ್ಚಲು ತುಂಬ್ತು. ಹಿಡಿಯೋರು ಬರೋವರೆಗೂ ನಾನ್ಯಾಕೆ ಮುಟ್ಲಿ?”

ಬೀದಿಗೆ ಬೀದಿಯೇ ನಕ್ಕಿತು. ಶ್ರೀರಾಮಪ್ಪನವರು ಮಾತ್ರ ಗುಂಡಿಯೊಳಗಿಂದಲೇ ಎದೆಯುಬ್ಬಿಸಿದರು. “ನಗ್ರೀ, ನಗ್ರೀ! ನಮ್ಮ ಬೀದಿ ಪೈಪು ಒಂದು ಹನೀನೂ ಸೋರಲ್ಲ ಅಂತ ಗೊತ್ತಾಯ್ತಲ್ಲ! ನಮ್ಮನೆ ನಲ್ಲಿ ಸದ್ದನ್ನ ನೆಲದಡಿಯಿಂದ ಹಿಡಿದ ಕಿವಿ ಕಣ್ರೀ ಇದು!”

“ಭಾರೀ ಕಿವಿ!” ಎಂದಳು ಶಾಂತಕುಮಾರಿ, ಮಣ್ಣು ಮುಚ್ಚಲು ಸನಿಕೆ ಕೆಳಗೆ ಚಾಚುತ್ತ. “ಬಾಗಿಲಲ್ಲಿ ನಿಂತು ‘ಬಿಂದಿಗೆ ತುಂಬ್ತು, ಬನ್ರೀ’ ಅಂತ ಆಗಿಂದ ನಾನು ಬಾಯಿ ಬಡ್ಕೊಂಡಿದ್ದು ಮಾತ್ರ ಅದಕ್ಕೆ ಕೇಳಿಸಲಿಲ್ಲ!”