ನಮ್ಮ ಡೆಕ್ ಏಕೆ ಒಣಗಲಿಲ್ಲ?

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಕ್ಷಮಿಸಬೇಕು. ಶಾಲೆಯನ್ನು ನಡುವೆಯೇ ಬಿಟ್ಟವಳು ನಾನು; ದೊಡ್ಡ ದೊಡ್ಡ ಪದಗಳು ನನ್ನ ಹತ್ತಿರ ಇಲ್ಲ. ಇರುವ ಪದಗಳನ್ನೇ ತೊಳೆದು, ಒರೆಸಿ ಇಲ್ಲಿ ಜೋಡಿಸಿದ್ದೇನೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ನಾಚಿಕೆ. ಅಂಥವಳು ಆ ದಿನ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿಬಿಟ್ಟೆ: "ಹಿಂದಿನ ಡೆಕ್ಕನ್ನ ನಾನೊಬ್ಬಳೇ ಸಿದ್ಧ ಮಾಡ್ತೀನಿ. ಬೇರೆ ಯಾರೂ ಕೈ ಹಾಕಬಾರದು!"

ಡೆಕ್ ಎಂದರೆ ಅಡುಗೆಮನೆಯ ಹಿಂಬಾಗಿಲಿನಾಚೆ ಸೀಡರ್ ಮರದ ಹಲಗೆ ಹಾಸಿದ ಜಗಲಿ. ವರ್ಷದಲ್ಲಿ ಬಹುಪಾಲು ಮಳೆ ಸುರಿಯುವ ಊರು ನಮ್ಮದು. ಒಂದು ಕಾಲಕ್ಕೆ ಕೆಂಪಗಿದ್ದ ಹಲಗೆಗಳು ಬೂದಿಬಣ್ಣಕ್ಕೆ ತಿರುಗಿ, ಪಾಚಿ ಕಟ್ಟಿ, ಅಪ್ಪನಿಗೆ ಆಗಾಗ ಸಾಷ್ಟಾಂಗ ಹಾಕಿಸುತ್ತಿದ್ದವು.

ನನ್ನ ಘೋಷಣೆಗೆ ಕಾರಣವಿತ್ತು. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಬಡಗಿ. "ಹಲಗೆಗಳನ್ನ ಉಜ್ಜಿ ಒಣಗಿಸಿಡು, ಭಾನುವಾರ ಬಂದು ನೋಡ್ತೀನಿ. ಸರಿಯಿದ್ರೆ ಇಬ್ಬರೂ ಸೇರಿ ಬಣ್ಣದೆಣ್ಣೆ ಹಚ್ಚೋಣ. ಆಮೇಲೆ ನನ್ನ ಶೆಡ್ಡಿಗೆ ಕೆಲಸ ಕಲಿಯೋಕೆ ಬಾ" ಎಂದಿದ್ದರು. ಸರಿಯಿಲ್ಲದಿದ್ದರೆ? ಅತ್ತೆಯ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನನ್ನನ್ನು ನಿಲ್ಲಿಸುವುದೆಂದು ಅಮ್ಮ ತೀರ್ಮಾನಿಸಿದ್ದಳು. ಬೆಳಗಿನಿಂದ ಸಂಜೆಯವರೆಗೆ ಗುರುತಿಲ್ಲದವರಿಗೆಲ್ಲ "ಬನ್ನಿ, ಏನು ತೋರಿಸಲಿ?" ಎನ್ನಬೇಕು! ನೆನೆದರೆ ಸಾಕು, ನಾಲಿಗೆ ಒಣಗುತ್ತಿತ್ತು. ಆ ಬುದ್ಧಿ ಹಲಗೆಗಳಿಗಾದರೂ ಇರಬಾರದಿತ್ತೇ!

ದಂಡಯಾತ್ರೆ ಆರಂಭವಾಯಿತು. ಪಾಚಿ ಕೆರೆದೆ. ಸೋಪಿನ ನೀರು ಹಾಕಿ ತಿಕ್ಕಿದೆ. ನೀರಾರಿದ ಮೇಲೆ ಉಪ್ಪುಕಾಗದ ಹಿಡಿದು ಮರದ ಎಳೆಯ ಜಾಡಿನಲ್ಲೇ ಉಜ್ಜಿದೆ. ಸಂದಿಗಳ ಕೊಳೆ ತೆಗೆಯಲು ಬಚ್ಚಲಿನಿಂದ ಒಂದು ಸವೆದ ಬ್ರಷ್ ತಂದೆ.

"ನನ್ನ ಹಲ್ಲುಜ್ಜೋ ಬ್ರಷ್ ಎಲ್ಲೇ?" ಎಂದು ಅಜ್ಜಿ ಕೂಗಿದರು.

"ಹಳೇದು ಅಂದ್ಕೊಂಡೆ, ಅಜ್ಜಿ."

"ನಾನೂ ಹಳಬಳೇ! ನಾಳೆ ನನ್ನನ್ನೂ ತಗೊಂಡೋಗಿ ಸಂದಿ ಉಜ್ಜು!"

ಮಳೆ ತಾಗದಂತೆ ಮೇಲೆ ಟಾರ್ಪಾಲು ಕಟ್ಟಿದೆ. ಯಾರೂ ಕಾಲಿಡದಂತೆ ಹಿಂಬಾಗಿಲಿಗೆ ಚಿಲಕ ಹಾಕಿದೆ. ಅಪ್ಪ ಕಸದ ಬುಟ್ಟಿ ಹಿಡಿದು, ಕೊಡೆ ಬಿಚ್ಚಿ, ಇಡೀ ಮನೆಯನ್ನು ಸುತ್ತಿ ಹೋಗಬೇಕಾಯಿತು. "ಕಸ ಚೆಲ್ಲೋಕೂ ಪ್ರದಕ್ಷಿಣೆ!" ಎಂದು ಗೊಣಗಿದ.

ಇನ್ನು ಉಳಿದದ್ದು ಒಣಗುವುದು. ಅದನ್ನು ತಿಳಿಯಲು ಮಾವ ಉಪಾಯ ಹೇಳಿಕೊಟ್ಟಿದ್ದರು. ಹಲಗೆಯ ಮೇಲೆ ನಾಲ್ಕು ಹನಿ ನೀರು ಹಾಕಬೇಕು. ತಕ್ಷಣ ಹೀರಿಕೊಂಡರೆ ಬಣ್ಣದೆಣ್ಣೆಯನ್ನೂ ಹೀರುತ್ತದೆ; ಹನಿ ಮೇಲೆಯೇ ಕೂತರೆ ಇನ್ನೂ ಕಾಯಬೇಕು.

ಹಾಕಿದೆ. ಹೀರಿತು! ಆದರೆ ಒಂದು ಹಲಗೆ ಹೀರಿತೆಂದು ಪಕ್ಕದ್ದನ್ನು ನಂಬುವುದು ಹೇಗೆ? ಒಂದೇ ಸೂರಿನಡಿ ಅಪ್ಪ ಬೇರೆ, ಅಜ್ಜಿ ಬೇರೆ ಅಲ್ಲವೇ? ಪ್ರತಿ ಹಲಗೆಗೂ ಹಾಕಿದೆ. ಈ ತುದಿಗೆ, ಆ ತುದಿಗೆ, ನಡುವಿಗೆ. ಮರುದಿನ ನೋಡಿದರೆ ಹನಿಗಳು ತಡವಾಗಿ ಇಂಗಿದವು. ಗಾಬರಿಯಾಯಿತು. ತಿಂಡಿಯಾದ ಮೇಲೆ ಮತ್ತೆ ಪರೀಕ್ಷಿಸಿದೆ. ಊಟಕ್ಕೆ ಮುಂಚೆಯೂ ಪರೀಕ್ಷಿಸಿದೆ. ಅದರಾಚೆಯ ದಿನ ಹನಿಗಳು ಮಹಾರಾಣಿಯರಂತೆ ಹಲಗೆಯ ಮೇಲೆ ಕೂತೇಬಿಟ್ಟವು! ಟಾರ್ಪಾಲಿನಲ್ಲಿ ತೂತು ಹುಡುಕಿದೆ, ಇರಲಿಲ್ಲ. ಅದರ ಮೇಲೆ ಇನ್ನೊಂದು ಟಾರ್ಪಾಲು ಕಟ್ಟಿ ಮತ್ತೆ ಪರೀಕ್ಷಿಸಿದೆ.

ಭಾನುವಾರ ಮಾವ ಬಂದರು. ಬಗ್ಗಿ ಹಲಗೆಗೆ ಅಂಗೈ ಒತ್ತಿದರು.

"ಇದೇನಮ್ಮ, ಸ್ಪಂಜಿನ ಹಾಗಿದೆ!"

"ಮಳೆ ಒಂದು ಹನೀನೂ ಒಳಗೆ ಬಂದಿಲ್ಲ ಮಾವ, ನಿಮ್ಮಾಣೆ!"

"ನಾನು ಹೇಳಿದ ಪರೀಕ್ಷೆ ಮಾಡಿದ್ಯಾ?"

"ಮಾಡ್ದೆ."

"ಎಲ್ಲಿ?"

"ಎಲ್ಲಾ ಹಲಗೆಗೂ."

"ಯಾವಾಗ?"

"ಬೆಳಿಗ್ಗೆ… ತಿಂಡಿ ಆದ್ಮೇಲೆ… ಊಟಕ್ಕೆ ಮುಂಚೆ… ಸಂಜೆ… ಈಗ ನೀವು ಬರೋಕೆ ಸ್ವಲ್ಪ ಮುಂಚೆ ಕೂಡ."

ಮಾವನ ಕಣ್ಣು ನನ್ನ ಕೈಯಲ್ಲಿದ್ದ ನೀರಿನ ಚೊಂಬಿನ ಮೇಲೆ ನಿಂತಿತು. ಎಲ್ಲರ ಕಣ್ಣೂ ಅಲ್ಲೇ ನಿಂತಿತು. ಮೊದಲು ನಕ್ಕವನು ಅಪ್ಪ. "ಹೊರಗಿನ ಮಳೆಗೆ ಎರಡೆರಡು ಟಾರ್ಪಾಲು! ಒಳಗೆ ಇವಳೇ ಮೋಡ!"

ಅಜ್ಜಿ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೋ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಣ್ಣೆದುರು ಬಟ್ಟೆ ಅಂಗಡಿಯ ಕೌಂಟರು ತೇಲಿ ಬಂತು.

ಮಾವ ಮಾತ್ರ ಹಲಗೆಯನ್ನು ಇನ್ನೊಮ್ಮೆ ಸವರಿದರು. "ಉಜ್ಜಿರೋದು ಬೆಣ್ಣೆ ಹಾಗಿದೆ. ಕೈಗೆ ಒಂದು ಸಿಬಿರೂ ತಾಗಲ್ಲ. ಆದ್ರೆ ಕೆಲಸ ಮುಗಿದ ಮೇಲೆ ಕೈ ಕಟ್ಟಿ ಕೂರೋದೂ ಮರಗೆಲಸವೇ. ಅದು ನಿನಗೆ ಬರಲ್ಲ."

"ಹಾಗಾದ್ರೆ ಅಂಗಡಿಗೇ ಕಳಿಸ್ತೀನಿ ಬಿಡೋ," ಎಂದಳು ಅಮ್ಮ.

"ತಡಿ ಅಕ್ಕ. ಬರೋ ಭಾನುವಾರ ಇನ್ನೊಂದ್ಸಲ ಬರ್ತೀನಿ. ಅಲ್ಲೀವರೆಗೆ ಇವಳು ಡೆಕ್ ಕಡೆ ತಲೆ ಹಾಕಬಾರದು. ಹಲಗೆ ಒಣಗಿದ್ರೆ ಇವಳು ನನ್ನ ಶೆಡ್ಡಿಗೆ."

"ಉಜ್ಜು ಅಂದ್ರೆ ಬೆಟ್ಟಾನೂ ಉಜ್ತಾಳೆ. ಸುಮ್ನಿರು ಅಂದ್ರೆ ಇವಳ ಕೈಲಾಗಲ್ಲ ಕಣೋ!"

"ಅದಕ್ಕೇ ಅಕ್ಕ, ಅದೇ ಪರೀಕ್ಷೆ!"

ವಿಧಿಯ ಆಟ ನೋಡಿ! ಶಾಲೆಯ ಪರೀಕ್ಷೆಗಳಲ್ಲಿ ಏನೂ ಮಾಡದೆ ಕೂತು ಫೇಲಾದವಳು ನಾನು. ಈಗ ಏನೂ ಮಾಡದೆ ಕೂತರೆ ಮಾತ್ರ ಪಾಸು!

ಇದನ್ನು ಬರೆಯುವಾಗ ಹೊರಗೆ ಮಳೆ ಹಿಡಿದಿದೆ. ಟಾರ್ಪಾಲಿನ ಮೂಲೆಯೊಂದು ಪಟಪಟ ಹೊಡೆದುಕೊಳ್ಳುತ್ತಿದೆ. ನಾನು ಹೋಗಿ ನೋಡುವುದಿಲ್ಲ. ಅಜ್ಜಿಯ ಸ್ವೆಟರಿಗೆ ಗುಂಡಿ ಹೊಲಿಯಲು ಕೂರುತ್ತೇನೆ.